ಹೆಸರೊಂದನ್ನು ಬಿಟ್ಟು

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಇದೆ. ದೊಡ್ಡದೇನಲ್ಲ, ಹದಿನೈದು ದಿನದ ಶೇಂಗಾ ಚಟ್ನಿಪುಡಿ ಹಿಡಿಯುವಷ್ಟು. ಹೈದರಾಬಾದಿನಿಂದ ಮೆಕ್ಸಿಕೋಗೆ ಹೋಗಿ, ಆರು ತಿಂಗಳು ಅಲ್ಲಿದ್ದು, ಅಲ್ಲಿಯ ಒಣಮೆಣಸಿನಕಾಯಿ ತುಂಬಿಕೊಂಡು ಮರಳಿ ಬಂದಿದೆ. ಈ ಮನೆಯಲ್ಲಿ ನನ್ನಷ್ಟು ದೂರ ತಿರುಗಾಡಿದ ವಸ್ತು ಅದೊಂದೇ. ಅದರ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ನಮ್ಮ ಮನೆಯವರ ಹೆಸರು ಕೊರೆದಿದೆ. ಏನು ಹೆಸರು ಎಂದು ಈಗಲೇ ಕೇಳಬೇಡಿ. ಅಷ್ಟು ಸುಲಭವಾಗಿ ಹೇಳುವಂತಿದ್ದರೆ ನಾನು ಇದನ್ನೆಲ್ಲ ಬರೆಯಲು ಕೂರುತ್ತಿರಲಿಲ್ಲ.

ಡಬ್ಬಿ ಕೊಂಡದ್ದು ಮದುವೆಯಾದ ಹೊಸತರಲ್ಲಿ, ಹೈದರಾಬಾದಿನ ನಾಂಪಲ್ಲಿಯಲ್ಲಿ ಜನವರಿಗೊಮ್ಮೆ ನಡೆಯುವ ನುಮಾಯಿಷ್ ಎಂಬ ವಸ್ತುಪ್ರದರ್ಶನದಲ್ಲಿ. ಪಾತ್ರೆಯಂಗಡಿಯ ಮೂಲೆಯಲ್ಲಿ ಹೆಸರು ಕೊರೆಯುವ ಮುದುಕನೊಬ್ಬ ಗುಂಯ್ ಎನ್ನುವ ಯಂತ್ರ ಹಿಡಿದು ಕೂತಿದ್ದ. "ಕಿಸ್ಕಾ ನಾಮ್ ಡಾಲ್ನಾ, ಅಮ್ಮಾ?" ಎಂದು ಕೇಳಿದ. ಯಾರ ಹೆಸರು ಹಾಕಲಿ ಎಂಬ ಸರಳ ಪ್ರಶ್ನೆ. ನಾನು ಪಕ್ಕದಲ್ಲಿದ್ದ ನಮ್ಮವರ ಕಡೆ ಗಲ್ಲ ಎತ್ತಿ ತೋರಿಸಿದೆ. "ಇನ್ಕಾ ನಾಮ್ ಕ್ಯಾ?" ಎಂದ. ನಮ್ಮವರು ಬೇಕೆಂತಲೇ ತಿರುಗುವ ತೊಟ್ಟಿಲಿನ ಕಡೆ ಮುಖ ಮಾಡಿ ನಿಂತುಬಿಟ್ಟರು. ಕೊನೆಗೆ ಪ್ರವೇಶದ ಚೀಟಿಯ ಹಿಂದೆ ಬರೆದುಕೊಟ್ಟೆ. ಮುದುಕ ಅದನ್ನು ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಹಮಾರೇ ಘರ್ ಮೇ ಭೀ ಐಸಾಚ್ ಹೈ, ಅಮ್ಮಾ" ಎಂದು ನಕ್ಕ. ಅವನ ಮನೆಯಲ್ಲೂ ಹೀಗೇ, ಅವನಿಗೊಂದು ಹೆಸರಿದೆ ಎಂಬುದು ಅವನ ಹೆಂಡತಿಯ ಬಾಯಿಗೂ ತಿಳಿಯದಂತೆ.

ನಮ್ಮ ತಂದೆ ಕಲಬುರಗಿ ಕಡೆಯವರು. ನಾಂಪಲ್ಲಿಯ ಒಂದು ಸರಕಾರಿ ಕಚೇರಿಗೆ ಗುಮಾಸ್ತರಾಗಿ ಬಂದು ಇಲ್ಲೇ ನೆಲೆನಿಂತರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ, ತರಕಾರಿಯವಳ ಹತ್ತಿರ ತೆಲುಗು. ಮೂರು ಭಾಷೆ ಬಂದರೂ ನಮ್ಮ ಮನೆಯ ಹೆಂಗಸರು ಮೂರರಲ್ಲಿ ಯಾವುದರಲ್ಲೂ ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂಬ ನಂಬಿಕೆ. ದೊಡ್ಡವ್ವನದಂತೂ ಅತಿಯಾಯಿತು. ದೊಡ್ಡಪ್ಪನ ಹೆಸರು ಸೋಮಣ್ಣ, ಆದ್ದರಿಂದ ಅವಳ ವಾರದಲ್ಲಿ ಆರೇ ದಿನ. ನಾವು ಮಕ್ಕಳು ರವಿವಾರ ಸಂಜೆ ಅವಳ ಸುತ್ತ ಕೂತು, "ದೊಡ್ಡವ್ವಾ, ನಾಳೆ ಯಾವ ವಾರ?" ಎಂದು ಕೇಳುತ್ತಿದ್ದೆವು. ಅವಳು ಜೋಳ ಹಸನು ಮಾಡುತ್ತ ತಲೆ ಎತ್ತದೆ, "ಮಂಗಳವಾರದ ಹಿಂದಿನದು ನೋಡ, ಕತ್ತಿ" ಎನ್ನುತ್ತಿದ್ದಳು. ನಮ್ಮ ಕಡೆ ಕತ್ತಿ ಎಂದರೆ ಕತ್ತೆ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ದೊಡ್ಡವಳಾದ ಮೇಲೆ ನಾನೇನೂ ಇಂಥ ಹುಚ್ಚುತನ ಮಾಡುವುದಿಲ್ಲ ಎಂದು ಆಗಲೇ ನಿರ್ಧಾರ ಮಾಡಿದ್ದೆ.

ಈಗ ನೀವು ನಗಬಹುದು.

ನ್ಯಾಯವಾಗಿ ಹೇಳಬೇಕೆಂದರೆ ನಮ್ಮವರು ಹೆಂಗಸರಿಗೆ ಒಂದು ಕಿಂಡಿ ಬಿಟ್ಟಿದ್ದಾರೆ. ಅದು ಒಡಪು. ಎರಡು ಮೂರು ಸಾಲು ಪ್ರಾಸ ಕಟ್ಟಿ, ಕೊನೆಯಲ್ಲಿ ಗಂಡನ ಹೆಸರು ಸೇರಿಸಿ ಹೇಳಿದರೆ ದೋಷವಿಲ್ಲ. ಮದುವೆಯಾಗಿ ಮನೆ ತುಂಬುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, "ಹೆಸರ ಹೇಳು, ಒಳಗ ಬಾ" ಎಂದು ಕಾಡಿದರು. ಬೆಳ್ಳಿ ಬಟ್ಟಲು, ಅದರೊಳಗೆ ಹಾಲು ಸಕ್ಕರೆ ಎಂದೇನೋ ಕಟ್ಟಿ ಹೇಳಿ ಒಳಗೆ ಬಂದೆ. ಮತ್ತೆ ಬಸುರಿಯಾದಾಗ ಮಾಡಿದ ಕುಬಸದಲ್ಲಿ ಒಮ್ಮೆ, ಮಗಳ ತೊಟ್ಟಿಲಲ್ಲಿ ಒಮ್ಮೆ. ಆಮೇಲೆ ಕೇಳುವವರೇ ಇಲ್ಲವಾದರು. ಮನೆಯಲ್ಲಿ ನಾನು ಅವರನ್ನು "ರೀ" ಎಂದು ಕರೆದೆ, "ಇಲ್ಲೆ ನೋಡ್ರಿ" ಎಂದು ಕರೆದೆ, ಕಚೇರಿಯಲ್ಲಿ ಹಿಂದಿಯವರ ಮುಂದೆ "ಹಮಾರೇ ವಾಲೇ" ಎಂದೆ. ಮೂವತ್ತು ವರ್ಷ ಸರಕಾರಿ ಕೆಲಸ ಮಾಡಿದವಳು ನಾನು, ಆ ಹೆಸರನ್ನು ನೂರು ಅರ್ಜಿಗಳಲ್ಲಿ ಬರೆದಿದ್ದೇನೆ. ಕೈಗೆ ಅಡ್ಡಿಯಿಲ್ಲ. ನಂಬಿಕೆ ತಲೆಯಲ್ಲೂ ಇಲ್ಲ. ಅದು ಇರುವುದು ನಾಲಿಗೆಯಲ್ಲಿ. ತಲೆಗೆ ತಿಳಿಸಿ ಹೇಳಬಹುದು, ನಾಲಿಗೆಗೆ ಯಾರು ಹೇಳುತ್ತಾರೆ?

ನಮ್ಮ ಮಗಳು ಮೇಧಾ ಬೆಳೆಗಳ ಸಂಶೋಧನೆ ಮಾಡುವವಳು. ಅದೇ ಕೆಲಸಕ್ಕೆಂದು ಹೈದರಾಬಾದಿಗೆ ಬಂದಿದ್ದ ರಫಾಯೆಲ್ ಎಂಬ ಮೆಕ್ಸಿಕೋದ ಹುಡುಗನನ್ನು ಮದುವೆಯಾಗಿ ಅವನ ಊರು ತೆಸ್ಕೋಕೋಗೆ ಹೋದಳು. ಒಬ್ಬನದು ಮೆಕ್ಕೆಜೋಳ, ಇನ್ನೊಬ್ಬಳದು ಬಿಳಿಜೋಳ, ನಡುವೆ ನಾವೇನು ಹೇಳುವುದು? ಅವಳು ಬಸುರಿಯಾದಾಗ ಬಾಣಂತನಕ್ಕೆ ಆರು ತಿಂಗಳು ನಾನು ಹೋಗುವುದೆಂದು ಗೊತ್ತಾಯಿತು. ಬಾಲಾನಗರದ ಕಾರ್ಖಾನೆಯಲ್ಲಿ ಇಡೀ ಆಯುಷ್ಯ ವಿಮಾನದ ಉಪಕರಣ ಜೋಡಿಸಿದ ನಮ್ಮವರು ಮಾತ್ರ, "ಇಪ್ಪತ್ತು ತಾಸು ಒಂದ ಕುರ್ಚಿಯಾಗ ಕುಂಡ್ರೂದು ನನ್ನ ಕಡಿಂದ ಆಗಂಗಿಲ್ಲ" ಎಂದು ಕೈ ತೊಳೆದುಕೊಂಡರು. ಬೀಗತಿಗೆ ಸ್ಪ್ಯಾನಿಷ್ ಬಿಟ್ಟರೆ ಬೇರೆ ಬಾರದು. ಹೀಗಾಗಿ ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಅಮೀರ್‌ಪೇಟ್‌ಗೆ ಸ್ಪ್ಯಾನಿಷ್ ಕಲಿಯಲು ಹೊರಟೆ.

ಅಮೀರ್‌ಪೇಟ್ ಮೆಟ್ರೋ ಇಳಿದರೆ ಗೋಡೆಯೆಲ್ಲ ಕಂಪ್ಯೂಟರ್ ಕೋರ್ಸುಗಳ ಬೋರ್ಡು. ಚೀಟಿ ಹಂಚುವವರು ನನ್ನನ್ನು ನೋಡಿ, ಮಗನ ಪರವಾಗಿ ವಿಚಾರಿಸಲು ಬಂದಿರಬೇಕೆಂದು ಕೈಗೆ ನಾಲ್ಕು ಚೀಟಿ ತುರುಕಿದರು. ಮೂರನೆಯ ಮಹಡಿಯ ಕ್ಲಾಸಿನಲ್ಲಿ ನಾನೊಬ್ಬಳೇ ಸೀರೆಯವಳು. ಟೀಚರ್ ಸಮೀನಾ, ಹಳೇಶಹರದ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. ಎರಡನೆಯ ಪಾಠವೇ ಮನೆಯವರ ಪರಿಚಯ. ಸರದಿ ನನಗೆ ಬಂತು. "ಕೋಮೊ ಸೆ ಯಾಮಾ ತು ಎಸ್ಪೋಸೊ?" ನಿನ್ನ ಗಂಡನ ಹೆಸರೇನು? ನಾನು ನಿಂತೆ, ಸೆರಗು ಸರಿ ಮಾಡಿದೆ, ಗಂಟಲು ಸರಿ ಮಾಡಿದೆ. ಬಂದಷ್ಟು ಸ್ಪ್ಯಾನಿಷ್‌ನಲ್ಲಿ, "ಮಿ ಎಸ್ಪೋಸೊ ನೊ ಸೆ ಯಾಮಾ" ಎಂದೆ. ನನ್ನ ಗಂಡನಿಗೆ ಹೆಸರಿಲ್ಲ.

ಕ್ಲಾಸಿಗೆ ಕ್ಲಾಸೇ ನಕ್ಕಿತು. ಸಮೀನಾ ಮಾತ್ರ ನಗಲಿಲ್ಲ. ಕ್ಲಾಸು ಮುಗಿದ ಮೇಲೆ ಹತ್ತಿರ ಬಂದು, "ಹಮಾರೀ ಅಮ್ಮೀ ಭೀ ಅಬ್ಬಾ ಕಾ ನಾಮ್ ನಹೀ ಲೇತೀಂ, ಆಂಟೀ. ಆಪ್ ಟೆನ್ಷನ್ ನಕ್ಕೋ ಲೇವ್" ಎಂದಳು. ಅವಳ ತಾಯಿಯೂ ಅವಳ ತಂದೆಯ ಹೆಸರು ಹೇಳುವುದಿಲ್ಲವಂತೆ, ನಾನು ಚಿಂತೆ ಮಾಡಬಾರದಂತೆ. ಅವತ್ತಿನಿಂದ ಗಂಡನ ಪ್ರಶ್ನೆ ಬಂದಾಗಲೆಲ್ಲ ಅವಳು ನನ್ನನ್ನು ದಾಟಿಸಿ ಪಕ್ಕದವನನ್ನು ಕೇಳುತ್ತಿದ್ದಳು.

ಅಮೀರ್‌ಪೇಟ್‌ನ ಸ್ಪ್ಯಾನಿಷ್ ತೆಸ್ಕೋಕೋದ ಸಂತೆಯಲ್ಲಿ ಅರ್ಧ ಗಳಿಗೆಯೂ ನಿಲ್ಲಲಿಲ್ಲ. ತರಕಾರಿ ಮಾರುವವಳು, "ಏನು ಕೊಡಲಿ, ಗ್ವೆರೀತಾ?" ಎಂದಳು. ಗ್ವೆರೀತಾ ಎಂದರೆ ಬೆಳ್ಳಗಿನವಳೇ ಎಂದರ್ಥ. ನನ್ನ ಬಣ್ಣವೋ ರೊಟ್ಟಿಯ ಹಂಚಿನದು. ಹಾಸ್ಯ ಮಾಡುತ್ತಿದ್ದಾಳೆಂದು ಸಿಟ್ಟಿನಿಂದ ಮುಂದಿನ ಅಂಗಡಿಗೆ ಹೋದೆ. ಅಲ್ಲಿಯೂ ಗ್ವೆರೀತಾ. ಬೀಗತಿ ಎಲೇನಾ ತೋಳು ಹಿಡಿದು, ಇಲ್ಲಿ ಗಿರಾಕಿಗಳನ್ನೆಲ್ಲ ಹಾಗೇ ಕರೆಯುವುದು, ಬಣ್ಣ ಯಾರು ನೋಡುತ್ತಾರೆ ಎಂದು ಸಮಾಧಾನ ಮಾಡಿದಳು. ಮರುದಿನದಿಂದ ನಾನೇ ಮುಂದಾಗಿ ಆ ಅಂಗಡಿಗೆ ಹೋಗತೊಡಗಿದೆ. ಐವತ್ತೆಂಟು ವರ್ಷದಲ್ಲಿ ಯಾರೂ ಹೇಳದ ಮಾತು, ಸುಮ್ಮನೆ ಯಾಕೆ ಬಿಡಲಿ?

ಬೀದಿಯ ಮಾತು ಒಂದೊಂದಾಗಿ ಬಾಯಿಗೆ ಬಂತು. 'ಅಓರೀತಾ' ಎಂದರೆ ಈಗಲೇ ಎಂದು ಸಮೀನಾ ಕಲಿಸಿದ್ದಳು. ನಲ್ಲಿ ರಿಪೇರಿಯವನು ಅಓರೀತಾ ಎಂದು ಹೇಳಿ ಮೂರು ದಿನ ಬರಲಿಲ್ಲ. ಎಲೇನಾ ಹೌಹಾರಲಿಲ್ಲ, ನಾನೂ ಹೌಹಾರಲಿಲ್ಲ. "ಅಬ್ಬೀಚ್ ಆರೂಂ, ಅಮ್ಮಾ", ಈಗಲೇ ಬಂದೆ ಎಂದು ಹೇಳಿ ಹಬ್ಬ ಕಳೆದ ಮೇಲೆ ಬರುವ ನಮ್ಮ ಹೈದರಾಬಾದಿನವರ ಅಣ್ಣತಮ್ಮಂದಿರು ಅಲ್ಲಿದ್ದಾರೆಂದು ತಿಳಿದು ಜೀವಕ್ಕೆ ಹಿತವಾಯಿತು. ಬೀಗತಿಗೆ ಅವರಲ್ಲಿ 'ಕೊನ್‌ಸ್ವೇಗ್ರಾ' ಎಂಬ ಪದವೇ ಇದೆ. ಎಲೇನಾ ನನ್ನನ್ನು ಹಾಗೇ ಕರೆದಳು, ನಾನು ಅವಳನ್ನು ಹಾಗೇ ಕರೆದೆ. ಅವಳು ಮೆಕ್ಕೆಜೋಳದ ತೋರ್ತೀಯಾ ತಟ್ಟಿದಳು, ನಾನು ರೊಟ್ಟಿ ತಟ್ಟಿದೆ. ನನ್ನ ಡಬ್ಬಿಯ ಚಟ್ನಿಪುಡಿ ಹದಿನೈದು ದಿನದ ಬದಲು ನಾಲ್ಕೇ ದಿನಕ್ಕೆ ಮುಗಿಯಿತು.

ಅವರ ಮನೆಯಲ್ಲಿ ಮೇಧಾಳ ಮಾವ ರಫಾಯೆಲ್, ಅಳಿಯ ರಫಾಯೆಲ್, ಅಳಿಯನ ಅಣ್ಣನ ಮಗನೂ ರಫಾಯೆಲ್. ಎಲೇನಾ ಅಡುಗೆಮನೆಯಿಂದ ಒಮ್ಮೆ ಕೂಗಿದರೆ ಮೂವರೂ, "ಮಾಂದೆ?" ಎನ್ನುತ್ತ ಬರುತ್ತಿದ್ದರು. ಕರೆದಿರಾ ಎಂದು ಕೇಳುವ ಮರ್ಯಾದೆಯ ಮಾತು ಅದು, ಹಿರಿಯರು ಹೆಸರು ಹಿಡಿದು ಕರೆದಾಗ ಮಕ್ಕಳು ಓಗೊಡುವ ರೀತಿ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಅಜ್ಜ ತೀರಿಕೊಂಡ ಮೇಲೆ. ಅವರು ಅಲ್ಲಿಯವರೆಗೆ ಕಾಯುವುದಿಲ್ಲ. ಇದನ್ನು ನಾನು ಮೊದಲೇ ಗಮನಿಸಬೇಕಿತ್ತು. ಗಮನಿಸಲಿಲ್ಲ.

ಗಂಡುಮಗು ಹುಟ್ಟಿತು. ಹನ್ನೆರಡನೆಯ ದಿನ ಮೇಧಾಳ ಆಸೆಯಂತೆ ತೊಟ್ಟಿಲು ಕಟ್ಟಿದೆವು. ಅಳಿಯನ ತಂಗಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಉಸುರಿದಳು. ಏನಿಟ್ಟಿರಿ ಎಂದು ಎಲ್ಲರೂ ಕೇಳಿದಾಗ ಮೇಧಾ ನನ್ನ ಕಡೆ ನೋಡಿ, "ಅಪ್ಪಂದ ಹೆಸರು, ಅವ್ವಾ" ಎಂದಳು. ಫೋನಿನಲ್ಲಿ ನೋಡುತ್ತಿದ್ದ ನಮ್ಮವರು ಹೈದರಾಬಾದಿನಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು. ಒಂದು ಕಣ್ಣಿನದು ಸಂತೋಷದ್ದು, ಇನ್ನೊಂದರದು ದಿಗಿಲಿನದು. ಇನ್ನು ಈ ಕೂಸನ್ನು ನಾನು ಏನೆಂದು ಕರೆಯಲಿ?

ಆ ಸಂಕಟದಲ್ಲಿ ಕೈ ಹಿಡಿದದ್ದು ಮೆಕ್ಸಿಕೋದ ಬೀದಿಮಾತು. ಅಲ್ಲಿ ಮಕ್ಕಳನ್ನು ಮುದ್ದಿಗೆ ಏನು ಬೇಕಾದರೂ ಕರೆಯಬಹುದು. ಗೋರ್ದೊ ಎಂದರೆ ಡುಮ್ಮ. ಚಪರ್ರೀತೊ, ಗಿಡ್ಡ. ಮೀಹೊ, ನನ್ನ ಮಗನೇ. ಮಿ ರೇಯ್, ನನ್ನ ದೊರೆ. ನಾನು ಸಂತೆಗೆ ಹೋಗಿ ತಾಯಂದಿರ ಹಿಂದೆ ನಿಂತು ಇಂಥ ಪದಗಳನ್ನು ಹೆಕ್ಕಿ ತಂದು ಪುಸ್ತಕದಲ್ಲಿ ಬರೆದಿಟ್ಟೆ. ಇಷ್ಟು ಬೇಗ ಇಷ್ಟು ಮಾತು ಕಲಿತಳೆಂದು ಎಲೇನಾ ನೆರೆಹೊರೆಯವರ ಮುಂದೆ ನನ್ನನ್ನು ಹೊಗಳಿದಳು. ಒಂದು ಮಾತನ್ನು ತಪ್ಪಿಸಿಕೊಳ್ಳಲು ಐವತ್ತು ಮಾತು ಕಲಿಯುತ್ತಿದ್ದೇನೆಂದು ಅವಳಿಗೇನು ಗೊತ್ತು.

ಆರು ತಿಂಗಳು ಮುಗಿಸಿ ಬಂದೆ. ಈಗ ಮೊಮ್ಮಗನಿಗೆ ನಾಲ್ಕು ತುಂಬಿದೆ. ದಿನಾ ನಮಗೆ ಬೆಳಗಿನ ಏಳು ಗಂಟೆ, ಅವರಿಗೆ ಹಿಂದಿನ ದಿನದ ಸಂಜೆ ಏಳೂವರೆ, ಆಗ ಫೋನು. ನನ್ನನ್ನು 'ಅಬ್ವೆ' ಎನ್ನುತ್ತಾನೆ, ಅಲ್ಲಿ ಅಜ್ಜಿಗೆ ಮುದ್ದಿನ ಮಾತು. ನಾನು ಗೋರ್ದೊ, ಮಿ ರೇಯ್ ಎನ್ನುತ್ತ ಸುಖವಾಗಿದ್ದೆ. ಈಚೆಗೆ ಅವನು ಶಿಶುವಿಹಾರಕ್ಕೆ ಹೋಗತೊಡಗಿದ. ಅಲ್ಲಿ ಎಲ್ಲರಿಗೂ ಎದೆಯ ಮೇಲೆ ಹೆಸರಿನ ಚೀಟಿ. ಹೆಸರು ಬಹಳ ದೊಡ್ಡ ವಿಷಯವೆಂದು ಅವನಿಗೆ ತಿಳಿದುಹೋಯಿತು. ಒಂದು ಬೆಳಗ್ಗೆ, "ಅಬ್ವೆ, ಕೋಮೊ ಮೆ ಯಾಮೊ?" ಎಂದು ಕೇಳಿದ. ನನ್ನ ಹೆಸರೇನು?

"ಗೋರ್ದೀತೊ" ಎಂದೆ ನಾನು, ನಗುತ್ತ.

ಅವನು ನಗಲಿಲ್ಲ. "ಅಲ್ಲ. ನನ್ನ ಹೆಸರು?" ಎಂದ.

"ನನ್ನ ದೊರೆ" ಎಂದೆ. ಅವನ ಮುಖದಲ್ಲಿ ಎಂಥದೋ ಕರುಣೆ ಮೂಡಿತು. ಅವತ್ತಿನಿಂದ ದಿನಾ ನನಗೆ ಪಾಠ ಶುರುವಾಯಿತು. ಎದೆಯ ಚೀಟಿ ತೋರಿಸಿ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ತನ್ನ ಹೆಸರನ್ನು ನಿಧಾನವಾಗಿ ಹೇಳಿ, "ರೆಪೀತೆ, ಅಬ್ವೆ" ಎನ್ನುತ್ತಿದ್ದ. ನನ್ನ ಹಿಂದೆ ಹೇಳು, ಅಜ್ಜಿ. ನಾನು ಒಲೆಯ ಮೇಲೆ ಹಾಲು ಉಕ್ಕಿತೆಂದೆ, ಬಾಗಿಲಲ್ಲಿ ಯಾರೋ ಬಂದರೆಂದೆ. ಒಂದು ವಾರ ಸಹಿಸಿದ. ಎಂಟನೆಯ ದಿನ ಫೋನಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ.

ಬದಲಿಗೆ ಫೋನಿಗೆ ಮೇಧಾ ಬಂದಳು. ಅವಳ ದನಿ ಮೆತ್ತಗಿತ್ತು. "ಅವ್ವಾ, ಇಂವಾ ಸಾಲ್ಯಾಗ ಟೀಚರ್ ಮುಂದ ಹೇಳ್ಯಾನಂತ, ಇಂಡಿಯಾದಾಗಿನ ನಮ್ಮ ಅಜ್ಜಿಗೆ ನನ್ನ ಹೆಸರ ಗೊತ್ತಿಲ್ಲ ಅಂತ. ಸಿಟ್ಟಾಗಿಲ್ಲ ಅಂವಾ. ಅಳಾಕತ್ತಾನ." ಮತ್ತೆ ಕೇಳಿದಳು, "ನಿನಗ ಹೆಸರು ಏನಾರ ಮರೀತಾವೇನು? ಡಾಕ್ಟರಿಗೆ ತೋರಸೋಣೇನು?" ವಿಜ್ಞಾನಿಯಾದ ಮಗಳಿಗೆ ತಾಯಿಯ ಮೆದುಳಿನ ಮೇಲೆ ಅನುಮಾನ ಬಂತೇ ಹೊರತು ನಾಲಿಗೆಯ ಮೇಲೆ ಬರಲಿಲ್ಲ. ತನ್ನ ತಂದೆಯನ್ನು ನಾನು ಹೆಸರು ಹಿಡಿದು ಕರೆದದ್ದು ಎಂದೂ ಕೇಳಿಲ್ಲವೆಂಬುದು ಅವಳ ಗಮನಕ್ಕೇ ಬಂದಿರಲಿಲ್ಲ.

ನಿಜ ಹೇಳುತ್ತೇನೆ, ಹೇಳಿಬಿಡೋಣವೆಂದು ಅಂದುಕೊಂಡೆ. ಆದರೆ ಎರಡು ವರ್ಷದ ಹಿಂದೆ ನಮ್ಮವರ ಎದೆಯಲ್ಲಿ ಸ್ಟೆಂಟ್ ಕೂತಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಆ ಮಧ್ಯಾಹ್ನ ನಾನು ಎಷ್ಟು ದೇವರಿಗೆ ಏನೇನು ಹೇಳಿಕೊಂಡೆನೆಂಬ ಲೆಕ್ಕವಿಲ್ಲ. ಅಂಥವಳು ಈಗ ಬಾಯಿ ತೆರೆದು ಬರಿದೇ ಹೆಸರು ಹೇಳಿ, ನಾಳೆ ಏನಾದರೂ ಆದರೆ? ಇದು ಹುಚ್ಚೆಂದು ನನಗೂ ಗೊತ್ತು. ಗೊತ್ತಿದ್ದರೂ ಹೆದರಿಕೆಯಾಗುತ್ತದೆ. ಇವರಿಗೆ ಹೇಳಿದರೆ, ಪೇಪರಿನಿಂದ ಮುಖ ಎತ್ತದೆ, "ಹೇಳಿಬಿಡು. ಪಾಪ, ಕೂಸು ಅಳಾಕತ್ತೈತಿ. ನಾನೇನ ಸಾಯಂಗಿಲ್ಲ" ಎಂದರು. ಸಾಯುವ ಮಾತೆತ್ತಿದ್ದಕ್ಕೆ ಅವತ್ತು ಚಹಾದಲ್ಲಿ ಸಕ್ಕರೆ ಹಾಕಲಿಲ್ಲ. ಅವರಿಗೆ ಹೇಗೂ ಹಾಕಬಾರದಿತ್ತು.

ಮಧ್ಯಾಹ್ನ ಡಬ್ಬಿಯಿಂದ ಚಟ್ನಿಪುಡಿ ತೆಗೆಯುವಾಗ ಒಡಪು ನೆನಪಾಯಿತು. ಕನ್ನಡದಲ್ಲಿ ಹೇಳಿದರೆ ದೋಷವಿಲ್ಲವೆಂದರೆ ಸ್ಪ್ಯಾನಿಷ್‌ನಲ್ಲಿ ಯಾಕೆ ಇರಬೇಕು? ಪ್ರಾಸ ಹುಡುಕುತ್ತ ಎರಡು ದಿನ ಕಳೆದೆ. ಮೂರನೆಯ ದಿನ ಮೆಟ್ರೋ ಹತ್ತಿ ಅಮೀರ್‌ಪೇಟ್‌ಗೆ ಹೋದೆ. ಸಮೀನಾ ಈಗ ಸ್ವಂತ ಕ್ಲಾಸು ನಡೆಸುತ್ತಾಳೆ. ನಾನು ಬರೆದದ್ದನ್ನು ಓದಿ, ಎರಡು ಕಡೆ ತಿದ್ದಿ, ಗಟ್ಟಿಯಾಗಿ ಓದಿಕೊಂಡಳು. ಕೊನೆಯ ಪದ ಬಂದಾಗ ನಿಲ್ಲಿಸಿ, "ಯೇ ಅಂಕಲ್ ಕಾ ನಾಮ್ ಹೈ ಕ್ಯಾ, ಆಂಟೀ?" ಎಂದಳು. ನಾನು ತಲೆಯಾಡಿಸಿದೆ. "ಅಚ್ಛಾ ನಾಮ್ ಹೈ" ಎಂದಳು. ಚೆನ್ನಾಗಿದೆ ಎಂದಳಲ್ಲ, ನನಗೆ ಯಾಕೋ ನಾಚಿಕೆಯಾಯಿತು, ಹೊಸ ಮದುವಣಗಿತ್ತಿಯ ಹಾಗೆ.

ಮರುದಿನ ಬೆಳಗ್ಗೆ ಏಳಕ್ಕೆ ಫೋನು ಮಾಡಿದೆ. ಅಜ್ಜಿ ಹಾಡು ಹೇಳುತ್ತಾಳೆಂದು ಮೇಧಾ ಆಸೆ ತೋರಿಸಿ ಅವನನ್ನು ಕರೆತಂದು ಕೂರಿಸಿದಳು. ಎದೆಯ ಮೇಲೆ ಚೀಟಿ ಇನ್ನೂ ಇತ್ತು. ನಮ್ಮವರು ಒಳಗೆ ಗಡ್ಡ ಮಾಡಿಕೊಳ್ಳುತ್ತಿದ್ದರು. ನಾನು ಸೆರಗು ಹೊದ್ದು, ಬಾಗಿಲಲ್ಲಿ ನಾದಿನಿಯರು ನಿಂತಿದ್ದಾರೆಂದೇ ತಿಳಿದು ಹೇಳಿದೆ:

ಸಾಲ್ ತಿಯೇನೆ ಎಲ್ ಮಾರ್,
ಪಾನ್ ಆಯ್ ಎನ್ ಮಿ ಓಗಾರ್,
ಮಿ ನಿಯೇತೊ ಸೆ ಯಾಮಾ ದಿವಾಕರ್.

ಸಮುದ್ರದಲ್ಲಿ ಉಪ್ಪುಂಟು, ನನ್ನ ಮನೆಯಲ್ಲಿ ರೊಟ್ಟಿಯುಂಟು, ನನ್ನ ಮೊಮ್ಮಗನ ಹೆಸರು ದಿವಾಕರ. ಹೇಳಿದೆ ನೋಡಿ, ನಿಮಗೂ ಹೇಳಿದಂತಾಯಿತು.

ಮೇಧಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅವ್ವನ ನಾಲಿಗೆಗೆ ಅಡ್ಡಿಯಾದದ್ದೇನೆಂದು ಅವಳಿಗೆ ಆಗ ಹೊಳೆಯಿತು. ಹುಡುಗ ಮಾತ್ರ ತಲೆ ಓರೆ ಮಾಡಿ ಯೋಚಿಸಿದ. ಆಮೇಲೆ ತನ್ನ ಭಾಷೆಯಲ್ಲಿ ಬಹಳ ತಾಳ್ಮೆಯಿಂದ ಹೇಳಿದ, "ಅದು ಹಾಡು, ಅಬ್ವೆ. ಹಾಡು ಬೇಡ. ನನ್ನನ್ನು ಕರಿ. ಊಟಕ್ಕೆ ಕರೆಯುವ ಹಾಗೆ."

ಎರಡು ದಿನದ ನನ್ನ ಪ್ರಾಸವೆಲ್ಲ ನೀರುಪಾಲಾಯಿತು. ಅವನು ಕುರ್ಚಿಯಿಂದ ಇಳಿದು ಬಾಗಿಲ ಆಚೆ ಹೋಗಿ ನಿಂತ. ಕರೆಯಲಿ ಎಂದು ಕಾಯುತ್ತಿದ್ದ. ಬಾಗಿಲ ಅಂಚಿನಲ್ಲಿ ಅವನ ಒಂದು ಕಿವಿ ಮಾತ್ರ ಕಾಣುತ್ತಿತ್ತು. ನಾನು ಒಳಗಿನ ಕೋಣೆಯ ಕಡೆ ನೋಡಿದೆ. ಮನಸ್ಸಿನಲ್ಲೇ ಎಲ್ಲ ದೇವರಿಗೂ ಒಂದೇ ಮಾತು ಹೇಳಿದೆ, ಇದು ಕೂಸಿಗಾಗಿ, ತಪ್ಪು ತಿಳಿಯಬೇಡಿ. ಕಣ್ಣು ಮುಚ್ಚಿದೆ.

"ದಿವಾಕರಾ!"

"ಮಾಂದೆ?" ಎಂದಿತು ಫೋನು. ಓಡಿ ಬರುವ ಕಾಲಿನ ಸಪ್ಪಳ.

"ಬಂದೆ" ಎಂದಿತು ಒಳಗಿನ ಕೋಣೆ.

ಕಣ್ಣು ತೆರೆದರೆ ನಮ್ಮವರು ಬಾಗಿಲಲ್ಲಿ ನಿಂತಿದ್ದರು. ಅರ್ಧ ಗಲ್ಲಕ್ಕೆ ಸೋಪು, ಹೆಗಲ ಮೇಲೆ ಟವೆಲು, ಕೈಯಲ್ಲಿ ರೇಜರು. ಗಟ್ಟಿಯಾಗಿ ನಿಂತಿದ್ದರು, ಏನೂ ಆಗಿರಲಿಲ್ಲ. "ಯಾರ ಕರದ್ರು?" ಎಂದು ಸುತ್ತ ನೋಡಿದರು. "ನಮ್ಮವ್ವ ಕರದಂಗಾತು." ಅತ್ತೆ ಹೋಗಿ ಹತ್ತೊಂಬತ್ತು ವರ್ಷವಾಯಿತು. ಕಾರ್ಖಾನೆಯವರಿಗೆ ಇವರು ಸಾಬ್, ಓಣಿಯವರಿಗೆ ಅಂಕಲ್, ಮಗಳಿಗೆ ಅಪ್ಪ, ನನಗೆ ರೀ. ಹತ್ತೊಂಬತ್ತು ವರ್ಷ ಈ ಮನೆಯಲ್ಲಿ ಅವರ ಹೆಸರು ಒಂದು ಡಬ್ಬಿಯ ಮುಚ್ಚಳದ ಮೇಲೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲವೆಂಬುದು ನನಗೆ ಆಗ ಹೊಳೆಯಿತು. ಅವರ ಆಯುಷ್ಯ ಕಾಯುತ್ತೇನೆಂದು ನಾನು ಅದನ್ನು ಎಷ್ಟು ಜೋಪಾನವಾಗಿ ಮುಚ್ಚಿಟ್ಟಿದ್ದೆ.

"ನಾನ ಕರದೆ" ಎಂದೆ. "ನಿಮ್ಮನ್ನಲ್ಲ, ಅವನ್ನ."

ಅವರು ಬಂದು ನನ್ನ ಪಕ್ಕದಲ್ಲಿ ಕೂತರು. ಸೋಪಿನ ನೀರು ಸೋಫಾದ ಮೇಲೆ ಇಳಿಯಿತು, ನಾನು ಬೈಯಲಿಲ್ಲ. ಫೋನಿನಲ್ಲಿ ಹುಡುಗ ಮತ್ತೆ ಬಾಗಿಲ ಆಚೆ ಓಡಿ, "ಓತ್ರಾ ವೇಸ್, ಅಬ್ವೆ" ಎಂದು ಕೂಗಿದ.

"ಏನಂತಾನ ಅಂವಾ?" ಎಂದರು ಇವರು.

"ಇನ್ನೊಮ್ಮೆ ಕರಿ ಅಂತಾನ."

"ಹೂಂ" ಎಂದರು ಅವರು, ರೇಜರನ್ನು ನೋಡುತ್ತ. "ಕರಿ."

ಕರೆದೆ. ಇಬ್ಬರೂ ಓಗೊಟ್ಟರು.